ಠರಾವಿನಲ್ಲಿ ಕಾರಣವೂ ಇರಲಿ

ಹೊಲವನ್ನು ಬಿನ್‌ಶೇತ್ಕಿ ಮಾಡಿಸಿ ಮನೆ ಕಟ್ಟಲು ಹೊರಟವರಿಗೆ ಸ್ಥಳೀಯ ಸಂಸ್ಥೆ ಅನುಮತಿ ನಿರಾಕರಿಸುವುದು, ಅವರು ಕೋರ್ಟಿನ ಮೆಟ್ಟಿಲು ಹತ್ತುವುದು ಹೊಸ ಸಂಗತಿಯಲ್ಲ. ಪಂಚಾಯತಿ ಸೋತಾಗ ನಮ್ಮ ರೈತ ಬಾಂಧವರು ನ್ಯಾಯಾಲಯವನ್ನು ದೂರುವುದುಂಟು. ನಾನು ಕಾನೂನು ಓದಿದವನಲ್ಲ, ಬೇಸಾಯಶಾಸ್ತ್ರದವನು. ಆದರೂ ದೋಷ ಅನೇಕ ಸಲ ಠರಾವಿನ ಪುಸ್ತಕದಲ್ಲಿಯೇ ಇರುತ್ತದೆಂದು ನನ್ನ ಅಭಿಪ್ರಾಯ.

ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ 1977ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂದು ಮಾತನ್ನು ಸ್ಪಷ್ಟಪಡಿಸಿತು. ಅಧಿಕಾರಸ್ಥರ ಆದೇಶವನ್ನು ಅದರಲ್ಲಿ ಬರೆದ ಕಾರಣಗಳಿಂದಲೇ ತೂಗಬೇಕು. ಮುಂದೆ ಅಫಿಡವಿಟ್ಟಿನಲ್ಲಿ ಹೊಸ ಕಾರಣ ಸೇರಿಸಿ ಅದನ್ನು ಉಳಿಸಿಕೊಳ್ಳಲಾಗದು. ಅದು ಚುನಾವಣೆಯ ದಾವೆ. ತತ್ವ ಮಾತ್ರ ಎಲ್ಲ ಕಚೇರಿಗೂ ಅನ್ವಯಿಸುತ್ತದೆ. ‘ಅರ್ಜಿ ತಿರಸ್ಕರಿಸಲಾಗಿದೆ’ ಎಂಬ ಒಂದೇ ಸಾಲಿನ ಠರಾವು ಈ ತಕ್ಕಡಿಯಲ್ಲಿ ನಿಲ್ಲುವುದು ಕಷ್ಟ. ಅನುಮತಿ ಕೊಡುವವರಿಗೂ ಕಟ್ಟುಪಾಡು ಉಂಟು. ಬೆಂಗಳೂರಿನಲ್ಲಿ ಉದ್ಯಾನಕ್ಕೆಂದು ಕಾಯ್ದಿರಿಸಿದ ಜಾಗವನ್ನು ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ಅಲ್ಲಿಯ ನಿವಾಸಿಗಳು ಪ್ರಶ್ನಿಸಿದರು; 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿಯೇ ತೀರ್ಪಿತ್ತಿತು.

ಹಾಗಾದರೆ ನಮ್ಮ ಭಾಗದಲ್ಲಿ ಬರೆಯಬೇಕಾದ ಕಾರಣಗಳು ಯಾವುವು? ಅವು ಮಣ್ಣಿನಲ್ಲಿಯೇ ಇವೆ. ಗೋಕಾಕ, ಮೂಡಲಗಿಯ ಎರೆಭೂಮಿ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಕಬ್ಬಿನ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟರೆ ನಾವು ಚಿಂತಿಸುವುದಿಲ್ಲ. ಅದೇ ಬಿರುಕು ಸಾಧಾರಣ ಬುನಾದಿಯ ಮನೆಯ ಗೋಡೆಗೂ ಬರುತ್ತದೆ. ಇಂಥ ಮಣ್ಣಿನಲ್ಲಿ ನೀರು ಬೇಗ ಇಂಗದು. ಶೌಚದ ಗುಂಡಿಯ ನೀರು ಮಳೆಗಾಲದಲ್ಲಿ ಪಕ್ಕದವರ ಬಾವಿಯ ಕಡೆಗೆ ಸರಿಯುವ ಭಯವುಂಟು. ಇನ್ನು ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯ ನೀರು ಹೊಲಗಾಲುವೆಗಳ ಮೂಲಕ ಒಬ್ಬರ ಹೊಲ ದಾಟಿ ಮತ್ತೊಬ್ಬರ ಹೊಲಕ್ಕೆ ಹೋಗಬೇಕು. ನಡುವಿನ ಎರಡೆಕರೆಯಲ್ಲಿ ಪ್ಲಾಟು ಬಿದ್ದು ಕಾಲುವೆ ಮುಚ್ಚಿತೆಂದರೆ ಕೆಳಗಿನವನ ಕಬ್ಬು ಒಣಗುತ್ತದೆ. ಬಸಿಗಾಲುವೆ ಮುಚ್ಚಿದರೆ ಮೇಲಿನವನ ಹೊಲ ಜೌಗಾಗಿ, ಕೆಲವೇ ವರ್ಷಗಳಲ್ಲಿ ಸವಳು ಏರುತ್ತದೆ. ಮಾರಿದವನು ಒಬ್ಬ, ನಷ್ಟ ಮೂವರಿಗೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪೇಟೆಯೊಳಗೇ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಆದರೆ ನೀರು ಯಾವ ಸರ್ವೇ ನಂಬರಿನವರೆಗೆ ಬಂದಿತ್ತೆಂದು ಎಷ್ಟು ಪಂಚಾಯತಿಗಳು ಬರೆದಿಟ್ಟುಕೊಂಡಿವೆ?

1964ರ ಭೂಕಂದಾಯ ಕಾಯ್ದೆಯ 95ನೆಯ ಕಲಮು ಸಾರ್ವಜನಿಕ ಉಪದ್ರವ, ಸಾರ್ವಜನಿಕ ಹಿತ ಎಂಬ ಆಧಾರಗಳ ಮೇಲೆ ಭೂಪರಿವರ್ತನೆಯನ್ನು ನಿರಾಕರಿಸಲು ಎಡೆಮಾಡಿದೆ. ಮುಚ್ಚಿಹೋಗುವ ಕಾಲುವೆ, ಕೆಡುವ ಬಾವಿ ಇವೆರಡೂ ಆ ಮಾತುಗಳಿಗೆ ಜೀವ ಕೊಡುವ ಸಂಗತಿಗಳು.

ಹೊಲ ಮಾರುವವನನ್ನು ನಾನು ದೂರಲಾರೆ. ಸಾಲ, ಮಗಳ ಮದುವೆ, ಕಾರ್ಖಾನೆಯಿಂದ ತಡವಾಗಿ ಬರುವ ಕಬ್ಬಿನ ಬಿಲ್ಲು, ಇವನ್ನು ಬಲ್ಲವರಾರೂ ದೂರಲಾರರು. ಊರಿಗೂ ಮನೆಗಳು ಬೇಕು. ಮಡ್ಡಿ, ಗುಡ್ಡದಂಚಿನ ಜಮೀನು ಹುಕ್ಕೇರಿ ಕಡೆ ಸಾಕಷ್ಟಿದೆ. ಮೊದಲು ಅಲ್ಲಿ ಜಾಗ ಗುರುತಿಸಬಾರದೇಕೆ? ಅರ್ಜಿ ಬಂದ ಮೇಲೆ ಗದ್ದಲ ಮಾಡುವುದಕ್ಕಿಂತ ಮುಂಚೆಯೇ ಮಣ್ಣು ಪರೀಕ್ಷೆಯ ವರದಿ, ಹೊಲಗಾಲುವೆಯ ನಕಾಶೆ, 2019ರ ನೀರಿನ ಗುರುತು ಇವಿಷ್ಟನ್ನು ಪಂಚಾಯತಿಯ ದಫ್ತರಿನಲ್ಲಿ ಸೇರಿಸಿಡಿ. ಮಣ್ಣಿನ ಮಾದರಿಯನ್ನು ಬೆಳೆ ಕೊಯ್ದ ಮೇಲೆ, ಗೊಬ್ಬರ ಹಾಕುವ ಮೊದಲು ತೆಗೆಯುವುದು ಒಳ್ಳೆಯದು.