ಒಗೆಯುವುದೂ ಒಗೆತನವೂ

ಮಸರಕಲ್ಲಿನ ಕಡೆಯ ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧದಲ್ಲಿ ‘ಬಾವಿಯೊಳಗೆ ಕಲ್ಲು ಒಗೆದೆನು’ ಎಂದು ಬರೆದನೆನ್ನಿ. ಕಲ್ಲನ್ನು ಎಸೆಯುವುದಲ್ಲದೆ ಒಗೆಯುವುದುಂಟೆ ಎಂದು ಕೆಂಪು ಶಾಯಿಯ ಗೆರೆ ಎಳೆಯುವ ಉಪಾಧ್ಯಾಯರು ನಮ್ಮಲ್ಲಿ ಇದ್ದಾರು. ಆ ಗೆರೆ ಅನ್ಯಾಯದ್ದೆಂಬುದು ನನ್ನ ವಾದ. ದೇವದುರ್ಗ, ಮಾನ್ವಿಗಳ ಮನೆಮಾತಿನಲ್ಲಿ ಅರಿವೆಯನ್ನೂ ಒಗೆಯುತ್ತಾರೆ, ಕಲ್ಲನ್ನೂ ಒಗೆಯುತ್ತಾರೆ. ಬಟ್ಟೆಯನ್ನೆತ್ತಿ ಬಂಡೆಗೆ ಬೀಸಿ ಹೊಡೆಯುವುದನ್ನು ಕಂಡವರಿಗೆ ಈ ಎರಡರ್ಥಗಳೂ ಒಂದೇ ತೋಳಿನ ಬೀಸಿನಿಂದ ಬಂದವೆಂದು ತೋರದಿರದು.

ಇಂಗ್ಲಿಷಿನ ‘ವಾಶ್’ ಎಂಬ ಮಾತಿಗೆ ‘ವಾಟರ್’ ಎಂಬುದರೊಡನೆ ಮೂಲದ ನಂಟು. ಅದು ನೀರನ್ನು ನೆನೆಯುವ ಶಬ್ದ. ಕನ್ನಡಕ್ಕೆ ಕೈಯ ಕೆಲಸವೇ ಮುಖ್ಯ. ಬಟ್ಟೆಯನ್ನು ಒಗೆಯಬೇಕು, ಪಾತ್ರೆಯನ್ನು ತಿಕ್ಕಬೇಕು, ಕಾಲನ್ನು ತೊಳೆಯಬೇಕು, ಬಾಯನ್ನು ಮುಕ್ಕಳಿಸಬೇಕು, ಮೀಯುವುದು ಬೇರೆಯೇ. ಒಗೆದದ್ದು ಮಡಿ, ಮಡಿ ಮಾಡುವವನು ಮಡಿವಾಳ. 12ನೆಯ ಶತಮಾನದ ಮಾಚಿದೇವನು ಆ ಕಾಯಕದ ಹೆಸರಿನಿಂದಲೇ ಪೂಜ್ಯನಾದನು. ಹಳಗನ್ನಡದ ‘ಅಸಗ’ನೇ ಅಕ್ಷರಗಳು ಸ್ಥಾನ ಬದಲಿಸಿಕೊಂಡು ‘ಅಗಸ’ನಾದನು. ಇಷ್ಟನ್ನೂ ‘ವಾಶ್ ಮಾಡು’ ಎಂಬ ಒಂದೇ ಗಂಟಿಗೆ ಕಟ್ಟುವ ಪಟ್ಟಣದ ರೂಢಿ ಬಡತನದ್ದು.

ಸಂಸಾರ ನಡೆಸುವುದಕ್ಕೆ ‘ಒಗೆತನ’ ಎಂಬ ಸೊಗಸಾದ ಹಳೆಯ ಮಾತಿದೆ. ಹಳಗನ್ನಡದಲ್ಲಿ ‘ಒಗೆ’ ಎಂದರೆ ಹುಟ್ಟು ಎಂಬರ್ಥವೂ ಉಂಟು. ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿ, ಹುಟ್ಟುವುದೂ ಬಾಳುವುದೂ ತೊಳೆಯುವುದೂ ಒಂದೇ ಬೇರಿನವೆಂದು ವೇದಾಂತ ಹೇಳುವ ಆಸೆ ಯಾರಿಗಾದರೂ ಆದೀತು. ಅದು ಮಸರಕಲ್ಲನ್ನು ಮೊಸರಿನ ಕಲ್ಲೆಂದಂತೆ! ‘ತನ’ವೆಂಬ ಪ್ರತ್ಯಯ ಸಾಮಾನ್ಯವಾಗಿ ಹತ್ತುವುದು ನಾಮಪದಕ್ಕೆ: ಗೆಳೆತನ, ಬಡತನ, ಜಾಣತನ. ನೋಡುತನ, ಓಡುತನ ಎಂದು ಯಾರೂ ಆಡರು. ಆದ್ದರಿಂದ ಒಗೆತನವನ್ನು ಒಕ್ಕಲು, ಒಕ್ಕಲುತನಗಳ ಬಳಗಕ್ಕೆ ಸೇರಿಸುವುದೇ ಯುಕ್ತವೆಂದು ನನಗೆ ತೋರುತ್ತದೆ. ಒಕ್ಕಲೆಂದರೆ ನೆಲೆಸಿ ಬಾಳುವ ಮನೆತನವಷ್ಟೆ.

ಬಾಳು, ಬದುಕುಗಳ ಮಾತು ಬೇರೆ. ಅವು ಕಿವಿಗೆ ದೂರ, ಬೇರಿಗೆ ಹತ್ತಿರ. ಹಳಗನ್ನಡದ ಬಾೞ್, ಬರ್ದುಂಕು, ತೆಲುಗಿನ ಬ್ರತುಕು ಇವುಗಳನ್ನು ಬರೋ ಮತ್ತು ಎಮೆನೋ ಪಂಡಿತರು ತಮ್ಮ ದ್ರಾವಿಡ ನಿಷ್ಪತ್ತಿಕೋಶದಲ್ಲಿ (ಪರಿಷ್ಕೃತ ಮುದ್ರಣ 1984) ಒಟ್ಟಿಗೆ ಇರಿಸಿದ್ದಾರೆ. ರಾಯಚೂರಿನ ಪೇಟೆಯಲ್ಲಿ ನಿಂತವನಿಗೆ ಬದುಕು, ಬ್ರತುಕು ಎರಡೂ ಒಂದೇ ಗಳಿಗೆಯಲ್ಲಿ ಕೇಳಿಸಿಯಾವು.

ಯಂತ್ರವು ಒಳಮನೆಗೆ ಬಂದು ಹಳ್ಳದ ದಂಡೆಯ ಬಂಡೆಗಳು ತೆರವಾಗುತ್ತಿರುವ ಈ ದಿನಗಳಲ್ಲಿ, ಉಪಾಧ್ಯಾಯರು ಮಕ್ಕಳಿಗೆ ಒಂದು ವಾರದ ಕೆಲಸ ಕೊಡಲಿ. ಅರಿವೆ, ಜಳಕ, ಬಾಳೇವು ಮೊದಲಾದ ಮಾತುಗಳನ್ನು ಅವರು ತಮ್ಮ ಅಜ್ಜಿಯರ ಬಾಯಿಂದ ಕೇಳಿ ಬರೆದು ತರಲಿ. ನಿಘಂಟನ್ನು ಆಮೇಲೆ ತೆರೆದರಾಯಿತು.