ಮನಸ್ಸಿನ ಕಳವಳ ಹೇಳಲು ಯಾವ ಭಾಷೆ?

ಕಾಸರಗೋಡು: 'ಎದೆ ಢವಢವ ಅಂತದೆ, ರಾತ್ರಿ ನಿದ್ದೆಯೇ ಇಲ್ಲ' ಎಂದು ಮನೆಮಾತಿನಲ್ಲಿ ಹೇಳುವಷ್ಟು ಸಲೀಸಾಗಿ ಬೇರೆ ಭಾಷೆಯಲ್ಲಿ ಹೇಳಲಾಗದು. ಕೇಂದ್ರದ ಟೆಲಿ ಮಾನಸ್ ಸಹಾಯವಾಣಿ (14416) 2022ರ ಅಕ್ಟೋಬರ್ 10ರಂದು ಆರಂಭವಾಯಿತು. ದಿನದ 24 ಗಂಟೆಯೂ ಉಚಿತ. 2024ರ ಅಕ್ಟೋಬರ್ 10ರಂದು ಮೊಬೈಲ್ ಆ್ಯಪ್ ಕೂಡ ಬಂತು. ಆತಂಕ, ಒತ್ತಡದ ಆರಂಭಿಕ ಲಕ್ಷಣ ಗುರುತಿಸಿ ನಿಭಾಯಿಸುವ ಸಲಹೆ ಅದರಲ್ಲಿದೆ. ಹೇಳಿಕೊಳ್ಳಲು ನಾಚುವವರಿಗೆ ಇದು ಒಳ್ಳೆಯದೇ.

ತೊಡಕು ಭಾಷೆಯದ್ದು. ಸಹಾಯವಾಣಿಯ 20 ಭಾಷೆಗಳಲ್ಲಿ ಕನ್ನಡವಿದೆ ನಿಜ, ಆದರೆ ಭಾಷೆ ಆಯಾ ರಾಜ್ಯ ಆಯ್ದುಕೊಂಡಂತೆ ಸಿಗುವಂಥದ್ದು. ಹಾಗಾಗಿ ಮಂಜೇಶ್ವರ, ಕುಂಬಳೆಯ ಕನ್ನಡಿಗರಿಗೆ ಮುಖ್ಯವಾಗುವುದು ದಿಲ್ಲಿಯ ಪಟ್ಟಿಯಲ್ಲ, ತಿರುವನಂತಪುರದ ಆಯ್ಕೆ. ಕಡತಕ್ಕೆ ಕನ್ನಡ ಕೇಳುವ ಮನವಿಗಳಲ್ಲಿ ಇದೂ ಒಂದು ಸಾಲು ಸೇರಲಿ. ಅಂದ ಹಾಗೆ, ಆ್ಯಪ್ ಡಾಕ್ಟರಲ್ಲ. ವಾರಗಟ್ಟಲೆ ನಿದ್ದೆ ಕೆಟ್ಟು ಕೆಲಸವೇ ಸಾಗದಿದ್ದರೆ ಆಸ್ಪತ್ರೆಗೇ ಹೋಗಬೇಕು.