ಮುಂಬಯಿ ಆಕಾಶದಲ್ಲಿ 78 ಸೆಕೆಂಡಿನ ಲೆಕ್ಕ

ಜುಲೈ ತಿಂಗಳ ಒಂದು ಸಂಜೆ ಮಂಗಳೂರಿನಿಂದ ಮುಂಬಯಿಗೆ ವಾಪಸಾಗುತ್ತಿದ್ದೆ. ಚಾಳುಗಳ ಮೇಲೆ ಹೊದಿಸಿದ ನೀಲಿ ತಾಡಪಾಲುಗಳು ಕಾಣುವಷ್ಟು ಕೆಳಗೆ ಬಂದಿದ್ದ ವಿಮಾನ ಇದ್ದಕ್ಕಿದ್ದಂತೆ ಮೂತಿ ಎತ್ತಿ ಮತ್ತೆ ಮೋಡದೊಳಗೆ ನುಗ್ಗಿತು. ಪಕ್ಕದಲ್ಲಿದ್ದ ಉಡುಪಿಯ ಅಮ್ಮ ನನ್ನ ಕೈ ಹಿಡಿದು, ‘ಎಂತ ಆಯ್ತು ಮಗಾ, ಇದು ಇಳಿಯುವುದಿಲ್ಲವಾ?’ ಎಂದರು. ಹಿಂದಿನ ಸಾಲಿನವರೊಬ್ಬರು ಪೈಲಟ್‌ಗೆ ಬೈಯತೊಡಗಿದ್ದರು. ನಾವು ಇಳಿದದ್ದು 40 ನಿಮಿಷ ತಡವಾಗಿ.

ಬೈಗುಳ ನಿಜಕ್ಕೂ ಯಾರಿಗೆ ಸಲ್ಲಬೇಕು?

ಮುಂಬಯಿ ವಿಮಾನ ನಿಲ್ದಾಣದ ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಯಂತೆ ಹಾಯುತ್ತವೆ. ಹಾಗಾಗಿ ಎರಡಿದ್ದರೂ ಒಂದು ಹೊತ್ತಿಗೆ ಬಳಕೆಗೆ ಸಿಗುವುದು ಒಂದೇ. ಮುಖ್ಯ ರನ್‌ವೇ (09/27) ಪೂರ್ವ–ಪಶ್ಚಿಮವಾಗಿದೆ. ಇನ್ನೊಂದು (14/32) ಆಗ್ನೇಯದಿಂದ ವಾಯವ್ಯಕ್ಕೆ. ಮುಂಗಾರಿನ ಗಾಳಿ ಬೀಸುವುದು ನೈಋತ್ಯದಿಂದ. 20 ನಾಟ್, ಅಂದರೆ ಗಂಟೆಗೆ 37 ಕಿ.ಮೀ. ವೇಗದ ಗಾಳಿ ಇದೆ ಎನ್ನಿ. ಮುಖ್ಯ ರನ್‌ವೇಯಲ್ಲಿ ಅದರ ಅಡ್ಡಪೆಟ್ಟು ಸುಮಾರು 14 ನಾಟ್. ಎರಡನೆಯದರಲ್ಲಿ ಹೆಚ್ಚುಕಡಿಮೆ ಪೂರ್ತಿ 20.

ಇಳಿಯಲು ಅನುಮತಿ ಕೊಡುವಾಗ ಎಟಿಸಿ ಸಿಬ್ಬಂದಿ ಗಾಳಿಯ ದಿಕ್ಕು, ವೇಗ ಹೇಳುತ್ತಾರೆ. ಇಳಿಯಬೇಕೋ ಬೇಡವೋ ಎಂಬ ತೀರ್ಮಾನ ಕ್ಯಾಪ್ಟನ್‌ನದು. ಮೂತಿಯನ್ನು ಗಾಳಿಯತ್ತ ಓರೆ ಹಿಡಿದು ಬಂದು, ಚಕ್ರ ನೆಲ ಮುಟ್ಟುವ ಹೊತ್ತಿಗೆ ನೇರ ಮಾಡಬೇಕು. ಮಳೆನೀರಿನ ಮೇಲೆ ಜಾರದಿರಲು ಕೊಂಚ ಗಟ್ಟಿಯಾಗಿಯೇ ಕೂರಿಸಬೇಕು. ನಾವು ‘ಧಡ್ ಅಂತ ಇಳಿಸಿದ’ ಎಂದು ಗೊಣಗುವುದು ಹಲವು ಸಲ ಇದನ್ನೇ. ಲೆಕ್ಕ ತಪ್ಪಿತು ಅನ್ನಿಸಿದರೆ ಮೇಲೇರಬೇಕು. ಆಗ ಆ ವಿಮಾನವನ್ನು ಮತ್ತೆ ಸಾಲಿಗೆ ಸೇರಿಸುವ ಕೆಲಸ ಎಟಿಸಿಯದು.

ಕಷ್ಟ ಇರುವುದು ಆ ಸಾಲಿನಲ್ಲಿ. ದಟ್ಟಣೆಯ ಹೊತ್ತಿನಲ್ಲಿ ಇಲ್ಲಿ ಗಂಟೆಗೆ 46 ವಿಮಾನಗಳು ಏರಿಳಿಯುತ್ತಿದ್ದವು. ಎಂದರೆ 78 ಸೆಕೆಂಡಿಗೊಂದು. ವಿಮಾನಗಳು ಆಕಾಶದಲ್ಲಿ ಸುತ್ತು ಹೊಡೆಯುವುದು ಮಿತಿಮೀರಿದಾಗ, 2024ರ ಫೆಬ್ರುವರಿಯಲ್ಲಿ ಅದನ್ನು 44ಕ್ಕೆ ಇಳಿಸಿದರು. ಭಾಗಿಸಿ ನೋಡಿದರೆ ಸಿಕ್ಕ ಬಿಡುವು ನಾಲ್ಕು ಸೆಕೆಂಡೂ ಇಲ್ಲ. ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಸರ್ವರನ್ನು ಹೀಗೆ ಅಂಚಿನವರೆಗೆ ತುಂಬಿ ಓಡಿಸಿದರೆ, ಸಣ್ಣ ಅಡಚಣೆಗೂ ಇಡೀ ವ್ಯವಸ್ಥೆ ಕುಳಿತುಬಿಡುತ್ತದೆ.

ಕುಳಿತದ್ದೂ ಇದೆ. 2019ರ ಜುಲೈ 1ರ ರಾತ್ರಿ ಜೈಪುರದಿಂದ ಬಂದ ವಿಮಾನ ಮುಖ್ಯ ರನ್‌ವೇ ದಾಟಿ ಕೆಸರಿಗೆ ಇಳಿಯಿತು. ಅದನ್ನು ಎಳೆದು ದಾರಿ ತೆರವು ಮಾಡಲು ದಿನಗಳೇ ಹಿಡಿದವು. ಅಷ್ಟೂ ದಿನ ಅಡ್ಡಗಾಳಿಯ ಎರಡನೇ ರನ್‌ವೇಯೇ ಗತಿ. ನೂರಾರು ವಿಮಾನಗಳು ರದ್ದಾದವು. 2020ರ ಜೂನ್ 3ರಂದು, ನಿಸರ್ಗ ಚಂಡಮಾರುತದ ದಿನ, ನಮ್ಮ ಬೆಂಗಳೂರಿನಿಂದ ಬಂದ ಸರಕು ವಿಮಾನವೇ ಜಾರಿತು. 2024ರ ಮೇ 13ರಂದು ದೂಳುಗಾಳಿಗೆ ಘಾಟ್‌ಕೋಪರ್‌ನಲ್ಲಿ ಜಾಹೀರಾತು ಫಲಕ ಉರುಳಿ 17 ಜನ ಸತ್ತರಲ್ಲ, ಆ ಸಂಜೆ ಒಂದು ಗಂಟೆಗೂ ಹೆಚ್ಚು ಕಾಲ ವಿಮಾನ ಸಂಚಾರ ನಿಂತು, 15 ವಿಮಾನಗಳು ಬೇರೆ ಊರಿಗೆ ಹೋದವು. 2025ರ ಜುಲೈ 21ರಂದು ಕೊಚ್ಚಿಯಿಂದ ಬಂದ ವಿಮಾನ ಮಳೆಯಲ್ಲಿ ರನ್‌ವೇಯಿಂದ ಆಚೆ ಸರಿಯಿತು.

ಮೇಲೇರದೆ ಇಳಿದೇ ತೀರುತ್ತೇನೆ ಎಂದರೆ ಏನಾಗುತ್ತದೆ ಎಂಬುದು ಕರಾವಳಿಯವರಿಗೆ ಗೊತ್ತು. 2010ರ ಮೇ 22ರಂದು ಮಂಗಳೂರಿನಲ್ಲಿ ಗಾಳಿಯ ಕಾಟ ಇರಲಿಲ್ಲ. ಆದರೂ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದು ಫಲಿಸದೆ 158 ಮಂದಿ ಸತ್ತರು. ಆದ್ದರಿಂದ ಮೇಲೇರಿದ ಪೈಲಟ್‌ಗೆ ಬೈಯುವುದು ತಪ್ಪು. ಕೇಳಬೇಕಾದದ್ದು ಮಳೆಗಾಲಕ್ಕೂ ಬೇಸಿಗೆಯಷ್ಟೇ ಬಿಗಿಯಾದ ವೇಳಾಪಟ್ಟಿ ಮಾಡುವವರನ್ನು.

2025ರ ಡಿಸೆಂಬರ್ 25ರಿಂದ ನವಿ ಮುಂಬಯಿ ನಿಲ್ದಾಣದಲ್ಲೂ ವಿಮಾನಗಳು ಹಾರುತ್ತಿವೆ. ಅಲ್ಲೂ ಬೀಸುವುದು ಇದೇ ಮುಂಗಾರು ಗಾಳಿ. ಆದರೆ ಒಂದು ರನ್‌ವೇ ಮುಚ್ಚಿದರೆ ಇಡೀ ಮಹಾನಗರ ನಿಲ್ಲಬೇಕಾಗಿಲ್ಲ. ಅದರಿಂದ ಸಾಂತಾಕ್ರೂಜ್‌ಗೆ ಸಿಗುವ ಬಿಡುವನ್ನು ಹೊಸ ವಿಮಾನಗಳಿಂದ ತುಂಬದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ಖಾಲಿ ಬಿಡಬೇಕು. ಟಿಕೆಟ್ ತುಸು ದುಬಾರಿಯಾಗಬಹುದು. ಗಣೇಶ ಚೌತಿಗೆ ಊರಿಗೆ ಹೊರಡುವ ನಾವು ಅದಕ್ಕೆ ಸಿದ್ಧರಿರಬೇಕು.

ಅಂದಹಾಗೆ, ಆ ಅಮ್ಮನಿಗೆ ನಾನು ಹೇಳಿದ್ದು ಇಷ್ಟೇ: ‘ಇಳಿಯುತ್ತದೆ ಅಮ್ಮ. ಗಾಳಿ ಜೋರಿದೆ, ಅವರಿಗೆ ಸ್ವಲ್ಪ ಸಮಯ ಬೇಕು.’